ಕೈ ನಿಧಾನವೋ, ಕಾಗದ ಭಾರವೋ?

ಮನೆಯಲ್ಲಿ ಯಾವುದೇ ಯಂತ್ರ ಕೈಕೊಟ್ಟರೆ ಮೊದಲು ಕೇಳಿಬರುವ ಪ್ರಶ್ನೆ, "ಯಾರು ಮುಟ್ಟಿದ್ದು?" ಎರಡನೆಯ ಮಾತು, "ಹಳೇದಾಯ್ತು ಬಿಡಿ, ಹೊಸದು ತರೋಣ." ಮಿಕ್ಸಿಗೂ ಅಷ್ಟೆ, ನೀರಿನ ಪಂಪಿಗೂ ಅಷ್ಟೆ, ಕಂಪ್ಯೂಟರಿಗೂ ಅಷ್ಟೆ. ಇವೆರಡರ ನಡುವೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: "ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ?" ಶಾಲೆಯ ಪ್ರಯೋಗಾಲಯದಲ್ಲಿ ಎಲ್ಲ ಮಕ್ಕಳೂ ಈ ಪ್ರಶ್ನೆಯನ್ನು ಕೇಳುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆದು, ಅಂಕ ತೆಗೆದುಕೊಂಡು, ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬರುತ್ತಾರೆ. ಅದನ್ನು ಮನೆಗೂ ತಂದರೆ ಎಷ್ಟು ಉಪಕಾರವಾದೀತು ಎಂಬುದಕ್ಕೆ ಶಿವಮೊಗ್ಗದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಹೇಳಬಹುದು.

ಆ ಮನೆಯ ಅಜ್ಜನಿಗೆ ಎಪ್ಪತ್ತಾರು ವರ್ಷ. ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೋರ್ಸ್ ಕೀಲಿಯ ಚುಕ್ಕೆ ಗೆರೆಗಳಿಂದ ಶುರುವಾಗಿ ಟೆಲಿಪ್ರಿಂಟರ್‌ವರೆಗೆ ಎಲ್ಲವನ್ನೂ ಬೆರಳಿನಲ್ಲಿ ಆಡಿಸಿದವರು. ತಂತಿ ಕಳಿಸುವವರಲ್ಲಿ ಒಂದು ವಿಶೇಷವಿತ್ತು. ಆ ತುದಿಯಲ್ಲಿ ಕುಳಿತವರ ಮುಖವನ್ನು ಎಂದೂ ನೋಡದಿದ್ದರೂ ಕೀಲಿ ಒತ್ತುವ ಲಯದಿಂದಲೇ ಇಂಥವರದೇ ಕೈ ಎಂದು ಗುರುತು ಹಿಡಿಯುತ್ತಿದ್ದರು. ಅಜ್ಜನಿಗೆ ಧಾರವಾಡದ ಗೆಳೆಯರು ದೊರೆತದ್ದು ಹಾಗೆ. ಮೊದಲು ಪರಿಚಯವಾದದ್ದು ಕೈ, ಮುಖ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಭಾರತದಲ್ಲಿ 1850ರಲ್ಲಿ ಕಲ್ಕತ್ತ ಮತ್ತು ಡೈಮಂಡ್ ಹಾರ್ಬರ್ ನಡುವೆ ಆರಂಭವಾದ ತಂತಿ, 2013ರ ಜುಲೈ 14ರ ರಾತ್ರಿ ಶಾಶ್ವತವಾಗಿ ಮೌನವಾಯಿತು. ಇವರಿಬ್ಬರ ಸ್ನೇಹ ಮಾತ್ರ ನಿಲ್ಲಲಿಲ್ಲ.

ಈಚೆಗೆ ಧಾರವಾಡದವರಿಗೆ ಕಿವಿ ಪೂರ್ತಿ ಮಂದವಾಗಿದೆ. ಫೋನಿನಲ್ಲಿ ಮಾತಾಡುವಂತಿಲ್ಲ. ಮೊಬೈಲಿನ ಸಣ್ಣ ಅಕ್ಷರ ಇಬ್ಬರ ಕಣ್ಣಿಗೂ ಆಗದು. ಹಾಗಾಗಿ ಇಬ್ಬರಿಗೂ ಉಳಿದದ್ದು ಇ-ಮೇಲ್ ಒಂದೇ. ಮೊಮ್ಮಗಳ ಹಳೆಯ ಲ್ಯಾಪ್‌ಟಾಪಿಗೆ ದೊಡ್ಡ ಕೀಲಿಮಣೆಯೊಂದನ್ನು ಜೋಡಿಸಿಕೊಂಡು ಅಜ್ಜ ವಾರಕ್ಕೊಂದು ದಿನ ಕನ್ನಡದಲ್ಲೇ ಪತ್ರ ಬರೆಯುತ್ತಿದ್ದರು. ಮಳೆ, ಅಡಿಕೆ ಧಾರಣೆ, ಮಂಡಿ ನೋವು, ಪಿಂಚಣಿ, ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ ಎಲ್ಲವೂ ಅದರಲ್ಲಿರುತ್ತಿತ್ತು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಅವರ ಪತ್ರಗಳು ಸಣ್ಣದಾಗತೊಡಗಿದವು. ಎರಡು ಪುಟ ಇದ್ದದ್ದು ಅರ್ಧ ಪುಟವಾಯಿತು, ಆಮೇಲೆ ನಾಲ್ಕು ಸಾಲಾಯಿತು, ಕೊನೆಗೆ "ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂಬಲ್ಲಿಗೆ ಬಂದು ನಿಂತಿತು. ಧಾರವಾಡದಿಂದ ಉತ್ತರ ಬಂತು: "ಯಾಕ್ರೀ, ನನ್ನ ಮ್ಯಾಲ ಸಿಟ್ಟೇನರ ಬಂದದೇನು? ನಾ ಏನರ ತಪ್ಪು ಬರದಿದ್ರ ಹೇಳಿಬಿಡ್ರಿ." ಆ ಪತ್ರವನ್ನು ಓದಿ ಅಜ್ಜ ಲ್ಯಾಪ್‌ಟಾಪ್ ಮುಚ್ಚಿಟ್ಟರು. ಯಾರಿಗೂ ಏನೂ ಹೇಳಲಿಲ್ಲ.

ಹೇಳದೆ ಇದ್ದದ್ದು ಏನೆಂದರೆ, ಅವರಿಗೆ ತಮ್ಮ ಕೈಯ ಮೇಲೆ ಅನುಮಾನ ಬಂದಿತ್ತು. ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿರಲಿಲ್ಲ. ಸರಿಯಾಗಿ ಒತ್ತಲಿಲ್ಲವೇನೋ ಎಂದು ಮತ್ತೊಮ್ಮೆ ಒತ್ತಿದರೆ ಒಂದೇ ಅಕ್ಷರ ಎರಡು ಸಲ ಬಂದು ಕೂರುತ್ತಿತ್ತು. ಅಳಿಸಲು ಹೋದರೆ ಸ್ವಲ್ಪ ಹೊತ್ತು ಏನೂ ಆಗದೆ, ಆಮೇಲೆ ಬೇಕಾದ್ದು ಬೇಡವಾದದ್ದು ಒಟ್ಟಿಗೇ ಅಳಿಸಿಹೋಗುತ್ತಿತ್ತು. ಅಜ್ಜನ ಅಣ್ಣನಿಗೆ ಪಾರ್ಕಿನ್‌ಸನ್ ಕಾಯಿಲೆ ಇತ್ತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಕೈ ನಡುಗುವುದಷ್ಟೇ ಅಲ್ಲ, ಚಲನೆಯೇ ನಿಧಾನವಾಗುತ್ತದೆ. ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಒದ್ದಾಡಿದ್ದನ್ನು ಕಣ್ಣಾರೆ ಕಂಡವರಿಗೆ, ನಿಧಾನವಾದ ಬೆರಳು ಎಂದರೆ ಏನು ನೆನಪಾದೀತು? ತಂತಿಯವನಿಗೆ ಕೈ ಹೋದರೆ ಹೆಸರೇ ಹೋದಂತೆ.

ಮಗಳಿಗೆ ವಿಷಯ ಗೊತ್ತಾದದ್ದು, ಅಜ್ಜ ಒಂದು ದಿನ ಬೆಳಿಗ್ಗೆ, "ನರದ ಡಾಕ್ಟರು ಯಾವ ದಿನ ಸಿಗ್ತಾರೆ ವಿಚಾರಿಸು" ಎಂದಾಗ. ಮಗಳು ಗಾಬರಿಯಾದಳು. ಅಳಿಯ, "ಲ್ಯಾಪ್‌ಟಾಪ್ ಹಳೇದು, ಹೊಸದೇ ತಂದುಬಿಡೋಣ" ಎಂದರು. ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಮೊಮ್ಮಗಳು ಮಾತ್ರ ಒಂದು ಪ್ರಶ್ನೆ ಕೇಳಿದಳು: "ಅಜ್ಜಾ, ಯಾವಾಗಲೂ ಹೀಗೇ ಆಗುತ್ತಾ, ಇಲ್ಲಾ ಒಂದೊಂದು ಸಲ ಆಗುತ್ತಾ?"

ಬೆರಳಿಗೂ ಕಣ್ಣಿಗೂ ನಡುವೆ

ಅವಳು ಕೇಳಿದ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ, ಒಂದು ಕೀಲಿ ಒತ್ತಿದಾಗ ಏನೇನಾಗುತ್ತದೆ ಎಂದು ಸ್ವಲ್ಪ ನೋಡಬೇಕು. ಬೆರಳು ಕೀಲಿಯನ್ನು ಒತ್ತಿದೊಡನೆ ಒಳಗಿನ ಸ್ಪರ್ಶಬಿಂದುಗಳು ಕೂಡುತ್ತವೆ. ಅವು ಒಂದು ಕ್ಷಣ ಪುಟಿಯುವುದರಿಂದ ಒಂದೇ ಒತ್ತು ಹಲವು ಒತ್ತುಗಳಂತೆ ಕಾಣಬಾರದೆಂದು ಕೀಲಿಮಣೆ ಕೆಲವು ಮಿಲಿಸೆಕೆಂಡು ಕಾಯುತ್ತದೆ. ಆಮೇಲೆ ಕಂಪ್ಯೂಟರ್ ಕೀಲಿಮಣೆಯನ್ನು "ಏನಾದರೂ ಇದೆಯೇ?" ಎಂದು ಕೇಳುತ್ತದೆ. ಸಾಮಾನ್ಯ ಕೀಲಿಮಣೆಗಳನ್ನು ಹೀಗೆ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕೇಳುವುದುಂಟು. ಸುದ್ದಿ ಪ್ರೋಗ್ರಾಂಗೆ ಹೋಗುತ್ತದೆ. ಪ್ರೋಗ್ರಾಂ ಅಕ್ಷರವನ್ನು ಪತ್ರದಲ್ಲಿ ಸೇರಿಸಿ, ಸಾಲು ಎಲ್ಲಿ ಮುರಿಯಬೇಕೆಂದು ಲೆಕ್ಕ ಹಾಕಿ, ಪರದೆಯ ಮೇಲೆ ಬರೆಯುತ್ತದೆ. ಪರದೆಯೂ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ. ಅಲ್ಲಿ ಇನ್ನೊಂದು 17 ಮಿಲಿಸೆಕೆಂಡು.

ಕನ್ನಡವಾದರೆ ಇನ್ನೊಂದಿಷ್ಟು ಕೆಲಸ ಉಂಟು. ಪರದೆಯ ಮೇಲೆ ಒಂದೇ ಅಕ್ಷರವಾಗಿ ಕಾಣುವ 'ಕ್ಷ' ಎಂಬುದು ಯೂನಿಕೋಡಿನಲ್ಲಿ ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು. ಅವನ್ನು ಕೂಡಿಸಿ ಒತ್ತಕ್ಷರ ಕಟ್ಟುವ ಕೆಲಸ ಪ್ರತಿಸಲವೂ ನಡೆಯಬೇಕು. ಆದರೂ ಇವೆಲ್ಲ ಸೇರಿ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವ ಕೆಲಸಗಳೇ.

ತಡವಾಯಿತೆಂದು ಮನುಷ್ಯನಿಗೆ ಅನ್ನಿಸುವುದು ಯಾವಾಗ? ರಾಬರ್ಟ್ ಮಿಲ್ಲರ್ ಎಂಬ ಸಂಶೋಧಕ 1968ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೀಲಿ ಒತ್ತಿದ್ದಕ್ಕೆ ಉತ್ತರ ಸುಮಾರು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಬರಬೇಕು ಎಂದು ಹೇಳಿದ. ಅದಕ್ಕಿಂತ ಹೆಚ್ಚಾದರೆ ಬೆರಳಿಗೂ ಕಣ್ಣಿಗೂ ಹೊಂದಾಣಿಕೆ ತಪ್ಪತೊಡಗುತ್ತದೆ. ಇದಕ್ಕೂ ಮುಂಚೆ, 1950ರಲ್ಲಿ, ಬರ್ನಾರ್ಡ್ ಲೀ ಎಂಬಾತ ಇನ್ನೊಂದು ಸೋಜಿಗವನ್ನು ತೋರಿಸಿದ್ದ. ಮಾತಾಡುವವನ ಧ್ವನಿಯನ್ನೇ ಅವನ ಕಿವಿಗೆ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ತಡಮಾಡಿ ಕೇಳಿಸಿದರೆ, ಚೆನ್ನಾಗಿ ಮಾತಾಡುತ್ತಿದ್ದವನೂ ತೊದಲುತ್ತಾನೆ, ಒಂದೇ ಶಬ್ದವನ್ನು ಎರಡು ಸಲ ಹೇಳುತ್ತಾನೆ. ಅವನ ನಾಲಿಗೆಯಲ್ಲಿ ದೋಷವಿಲ್ಲ, ಕಿವಿಯಲ್ಲಿಯೂ ಇಲ್ಲ. ನಡುವೆ ಇರುವ ವಿಳಂಬವೇ ಅವನನ್ನು ತೊದಲಿಸುತ್ತದೆ. ಅಜ್ಜನ ಬೆರಳು ಎರಡೆರಡು ಸಲ ಒತ್ತುತ್ತಿದ್ದುದೂ ಇದೇ ಜಾತಿಯ ತೊದಲೇ ಇರಬಹುದಲ್ಲ!

ಇನ್ನು ಅಕ್ಷರಗಳು ಒಂದೇ ಸಲ ಗುಂಪಾಗಿ ಬಂದು ಬೀಳುವುದೇಕೆ? ಪ್ರೋಗ್ರಾಂ ಬೇರೆ ಕೆಲಸದಲ್ಲಿ ತೊಡಗಿರುವಾಗ ಒತ್ತಿದ ಕೀಲಿಗಳು ಕಳೆದುಹೋಗುವುದಿಲ್ಲ. ಸರದಿಯಲ್ಲಿ ನಿಲ್ಲುತ್ತವೆ. ಬಸ್ಸು ತಡವಾದರೆ ನಿಲ್ದಾಣದಲ್ಲಿ ಜನ ಸೇರಿದ ಹಾಗೆ. ಸೆಕೆಂಡಿಗೆ 4 ಕೀಲಿ ಒತ್ತುವವರು ಹತ್ತು ಸೆಕೆಂಡಿಗೆ 40 ಕೀಲಿ ಒತ್ತುತ್ತಾರೆ. ಪ್ರೋಗ್ರಾಂ ಪ್ರತಿ ಅಕ್ಷರಕ್ಕೂ ಅರ್ಧ ಸೆಕೆಂಡು ತೆಗೆದುಕೊಂಡರೆ ಅಷ್ಟರಲ್ಲಿ ಮೂಡುವುದು 20 ಮಾತ್ರ. ಉಳಿದ 20 ಸರದಿಯಲ್ಲಿರುತ್ತವೆ. ಟೈಪ್ ಮಾಡುವುದನ್ನು ನಿಲ್ಲಿಸಿದ ಮೇಲೂ ಇನ್ನೂ ಹತ್ತು ಸೆಕೆಂಡು ಅಕ್ಷರಗಳು ಒಂದೊಂದಾಗಿ ಬರುತ್ತಲೇ ಇರುತ್ತವೆ. ಎಷ್ಟು ವೇಗವಾಗಿ ಟೈಪ್ ಮಾಡಬಲ್ಲವರೋ ಅಷ್ಟೂ ಅವರಿಗೆ ತೊಂದರೆ ಹೆಚ್ಚು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಕುಟ್ಟುವವರಿಗೆ ಇದು ತಿಳಿಯುವುದೇ ಇಲ್ಲ.

ನಾಲ್ಕು ಪರೀಕ್ಷೆಗಳು

ಮೊಮ್ಮಗಳು ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದಳು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಇದು ಅವಳು ಕಂಡುಹಿಡಿದ ನಿಯಮವಲ್ಲ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಬರೆದ ತರ್ಕಶಾಸ್ತ್ರದ ಗ್ರಂಥದಲ್ಲಿ 'ವ್ಯತ್ಯಾಸದ ವಿಧಾನ' ಎಂದು ಹೇಳಿದ್ದು ಇದನ್ನೇ. ಎರಡು ಸಂದರ್ಭಗಳು ಎಲ್ಲದರಲ್ಲೂ ಒಂದೇ ಆಗಿದ್ದು ಒಂದರಲ್ಲಿ ಮಾತ್ರ ಬೇರೆಯಾದರೆ, ಫಲ ಬೇರೆಯಾಗಲು ಆ ಒಂದೇ ಕಾರಣ.

ಮೊದಲನೆಯದು ಕೈಯ ಪರೀಕ್ಷೆ. ಕಂಪ್ಯೂಟರಿನಲ್ಲಿರುವ ನೋಟ್‌ಪ್ಯಾಡ್ ತೆರೆದು, ಒಂದು ಪ್ಯಾರಾ ಟೈಪ್ ಮಾಡಲು ಅಜ್ಜನಿಗೆ ಹೇಳಿದಳು. ಅಕ್ಷರಗಳು ಬೆರಳಿನ ಜೊತೆಜೊತೆಗೇ ಓಡಿದವು. ಅಜ್ಜನಿಗೆ ನಂಬಿಕೆ ಬರಲಿಲ್ಲ. "ಬೆಳಿಗ್ಗೆ ಹೊತ್ತು ಕೈ ಸ್ವಲ್ಪ ಹಗುರ ಇರುತ್ತೆ" ಎಂದರು. ಹಾಗಾದರೆ ಎಂದು ಅವಳು ಧಾರವಾಡದ ಪತ್ರಕ್ಕೆ ಉತ್ತರ ಬರೆಯುವ ಕಿಟಕಿಯನ್ನು ತೆರೆದು, ತಾನೇ ಕುಳಿತು ಟೈಪ್ ಮಾಡಿದಳು. ಹದಿನೇಳು ವರ್ಷದ ಕೈಗೂ ಅದೇ ಗತಿ! ಒತ್ತಿದ ಅಕ್ಷರ ನಾಪತ್ತೆ, ಆಮೇಲೆ ದಬದಬನೆ ಗುಂಪು. ಯಂತ್ರ ಅದೇ, ಪತ್ರ ಅದೇ, ಕೈ ಮಾತ್ರ ಬೇರೆ. ತೊಂದರೆ ಉಳಿಯಿತು. ಹಾಗಾದರೆ ಕೈ ನಿರಪರಾಧಿ. "ನಿಂಗೂ ಹಾಗೇ ಬರ್ತಿದೆಯಲ್ಲೇ ಪುಟ್ಟಿ!" ಎಂದು ಅಜ್ಜ ಹೇಳಿದ ಧ್ವನಿಯನ್ನು ಕೇಳಿ ಅಡಿಗೆಮನೆಯಲ್ಲಿದ್ದ ಮಗಳು ಹೊರಗೆ ಬಂದು ನೋಡಿದಳಂತೆ.

ಎರಡನೆಯದು ಯಂತ್ರದ ಪರೀಕ್ಷೆ. ನೋಟ್‌ಪ್ಯಾಡಿನಲ್ಲಿ ಸರಾಗವಾಗಿ ಬಂದದ್ದರಿಂದ ಕೀಲಿಮಣೆ ಸರಿಯಿದೆ ಎಂದಾಯಿತು. ಅದರಲ್ಲಿಯೂ ತಡವಾಗಿದ್ದರೆ ಬೇರೆ ದಾರಿ ಹಿಡಿಯಬೇಕಿತ್ತು. ವಿಂಡೋಸ್‌ನಲ್ಲಿ 'ಫಿಲ್ಟರ್ ಕೀಸ್' ಎಂಬ ಒಂದು ಸೌಲಭ್ಯವಿದೆ. ಕೈ ನಡುಗುವವರಿಗೆ ಅನುಕೂಲವಾಗಲೆಂದು, ಚುಟುಕಾಗಿ ಒತ್ತಿದ ಕೀಲಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡುವ ಏರ್ಪಾಟು ಅದು. ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿಹಿಡಿದರೆ ಅದು ಎಚ್ಚರಗೊಳ್ಳುತ್ತದೆ. ಏನೋ ಯೋಚಿಸುತ್ತ ಬೆರಳು ಅಲ್ಲೇ ಇಟ್ಟುಕೊಂಡು, ಪರದೆಯ ಮೇಲೆ ಬಂದ ಪ್ರಶ್ನೆಗೆ ಓದದೆ 'ಹೌದು' ಎಂದವರ ಕೀಲಿಮಣೆ ಮರುಕ್ಷಣದಿಂದ ಹಠ ಹಿಡಿಯುತ್ತದೆ. ಆದರೆ ಅದಾದರೆ ಎಲ್ಲ ಪ್ರೋಗ್ರಾಂಗಳಲ್ಲೂ ಕಾಣಿಸಬೇಕು. ಇಲ್ಲಿ ಹಾಗಾಗಿರಲಿಲ್ಲ.

ಮೂರನೆಯದು ಪ್ರೋಗ್ರಾಂ ಪರೀಕ್ಷೆ. ಅದೇ ಇ-ಮೇಲ್ ಪ್ರೋಗ್ರಾಂನಲ್ಲಿ ಹೊಸ ಪತ್ರ ತೆರೆದು ಟೈಪ್ ಮಾಡಿದರೆ ಸರಾಗ. ಬ್ಯಾಂಕಿನಿಂದ ಬಂದ ಎರಡು ಸಾಲಿನ ಪತ್ರಕ್ಕೆ ಉತ್ತರ ತೆರೆದರೂ ಸರಾಗ. ಧಾರವಾಡದ ಪತ್ರಕ್ಕೆ ಉತ್ತರ ತೆರೆದರೆ ಮಾತ್ರ ಆಮೆನಡಿಗೆ. ಹಾಗಾದರೆ ಪ್ರೋಗ್ರಾಂ ಪೂರ್ತಿ ಕೆಟ್ಟಿಲ್ಲ. ಹೊಸ ಲ್ಯಾಪ್‌ಟಾಪ್ ತಂದಿದ್ದರೂ ಇದೇ ಪತ್ರ ಅದರಲ್ಲೂ ಬಂದು ಕೂರುತ್ತಿತ್ತು!

ನಾಲ್ಕನೆಯದೇ ಮುಖ್ಯವಾದದ್ದು. ಹೊಸ ಪತ್ರಕ್ಕೂ ಉತ್ತರಕ್ಕೂ ಇರುವ ವ್ಯತ್ಯಾಸವೇನು? ಉತ್ತರದ ಕೆಳಗೆ ಅವರು ಬರೆದ ಹಿಂದಿನ ಪತ್ರ ತಾನಾಗಿ ಬಂದು ಕೂರುತ್ತದೆ. ಅವಳು ಉತ್ತರದ ಕಿಟಕಿಯೊಳಗೆ ಕಂಟ್ರೋಲ್ ಮತ್ತು 'ಎ' ಒತ್ತಿ ಎಲ್ಲವನ್ನೂ ಆರಿಸಿ ಅಳಿಸಿಬಿಟ್ಟಳು. ಟೈಪ್ ಮಾಡಿದರೆ ಅಕ್ಷರಗಳು ಕುಣಿದುಕೊಂಡು ಬಂದವು. ಇಷ್ಟಕ್ಕೆ ಬಿಡಲಿಲ್ಲ. ಕಂಟ್ರೋಲ್ ಮತ್ತು 'ಝಡ್' ಒತ್ತಿ ಅಳಿಸಿದ್ದನ್ನು ಮರಳಿ ತಂದಳು. ಮತ್ತೆ ಆಮೆನಡಿಗೆ. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಈ ಕೊನೆಯ ಹೆಜ್ಜೆಯನ್ನು. ಕಾರಣವನ್ನು ತೆಗೆದಾಗ ತೊಂದರೆ ಹೋದರೆ ಸಾಲದು. ಕಾರಣವನ್ನು ಮತ್ತೆ ಇಟ್ಟಾಗ ತೊಂದರೆ ಮರಳಿ ಬರಬೇಕು. ಆಗಲೇ ಅದು ಕಾಕತಾಳೀಯವಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಅರವತ್ತು ಪತ್ರಗಳ ಹೊರೆ

ಆಮೇಲೆ ಅವಳು ಆ ಉತ್ತರದ ಕೆಳಗೆ ಇಳಿಯುತ್ತ ಹೋದಳು. ಇಳಿದಷ್ಟೂ ಮುಗಿಯಲಿಲ್ಲ. ಇಬ್ಬರೂ ಹೊಸ ಪತ್ರ ಎಂದು ತೆರೆದದ್ದೇ ಇಲ್ಲ. ಬಂದದ್ದಕ್ಕೆ 'ಉತ್ತರ' ಎಂಬ ಗುಂಡಿ ಒತ್ತುವುದು, ಮೇಲೆ ಬರೆಯುವುದು, ಕಳಿಸುವುದು. ಆ ಸರಪಳಿಯಲ್ಲಿ ಅರವತ್ತು ಪತ್ರಗಳಿದ್ದವು.

ಪತ್ರವೊಂದು ಒಂದು ಪುಟ ಎಂದು ಇಟ್ಟುಕೊಳ್ಳಿ. ಮೊದಲನೆಯದು 1 ಪುಟ, ಅದನ್ನು ಹೊತ್ತುಕೊಂಡ ಎರಡನೆಯದು 2, ಮೂರನೆಯದು 3, ಹೀಗೆ ಅರವತ್ತನೆಯದು 60 ಪುಟ. ಒಟ್ಟು ಎಷ್ಟು? ಸಮಾಂತರ ಶ್ರೇಢಿಯ ಸೂತ್ರ ಗೊತ್ತಿರುವವರು ಕೂಡಲೇ ಹೇಳಬಹುದು: 60ನ್ನು 61ರಿಂದ ಗುಣಿಸಿ 2ರಿಂದ ಭಾಗಿಸಿದರೆ 1,830. ಇಬ್ಬರು ಹಿರಿಯರು ಬರೆದದ್ದು 60 ಪುಟ, ಓಡಾಡಿದ್ದು 1,830 ಪುಟ.

ಧಾರವಾಡದವರಿಗೆ ಇನ್ನೊಂದು ಅಭ್ಯಾಸವಿತ್ತು. ಪ್ರತಿ ಪತ್ರದ ತುದಿಯಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಅಂಟಿಸಿ 'ಶುಭೋದಯ' ಎನ್ನುವುದು. ಅವರ ಮೂವತ್ತು ಪತ್ರಗಳಿಗೆ ಮೂವತ್ತು ಗುಲಾಬಿ. ಒಂದೊಂದು ಚಿತ್ರ 200 ಕಿಲೋಬೈಟ್ ಎಂದರೂ ಒಟ್ಟು 6 ಮೆಗಾಬೈಟ್. ಇ-ಮೇಲ್ ಹುಟ್ಟಿದ್ದು ಬರಿಯ ಅಕ್ಷರಗಳನ್ನು ಸಾಗಿಸಲು. ಆದ್ದರಿಂದ ಚಿತ್ರವನ್ನು ಕಳಿಸಬೇಕಾದರೆ ಅದನ್ನೂ ಅಕ್ಷರಗಳ ವೇಷದಲ್ಲಿ ಕಳಿಸುವುದು ವಾಡಿಕೆ. ಪ್ರತಿ 3 ಬೈಟಿಗೆ 4 ಅಕ್ಷರ. ಹಾಗಾಗಿ 6 ಮೆಗಾಬೈಟು 8 ಮೆಗಾಬೈಟಾಗುತ್ತದೆ. ಅಜ್ಜ "ಕ್ಷೇಮ" ಎಂದು ಒಂದು ಪದ ಬರೆದು ಕಳಿಸಿದಾಗಲೂ ಅದರ ಬೆನ್ನ ಮೇಲೆ ಮೂವತ್ತು ಗುಲಾಬಿ ಹೂಗಳು ಪ್ರಯಾಣ ಮಾಡುತ್ತಿದ್ದವು.

ಭಾರವಾದರೆ ಟೈಪಿಂಗ್ ಏಕೆ ನಿಧಾನವಾಗಬೇಕು? ಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯವನ್ನು ನೆನೆಸಿಕೊಳ್ಳಿ. ಪುಟದ ಮೊದಲ ಸಾಲಿಗೆ ಒಂದು ಪದ ಸೇರಿಸಿದರೆ ಆ ಸಾಲಿನ ಕೊನೆಯ ಪದ ಕೆಳಗಿಳಿಯಬೇಕು, ಕೆಳಗಿನದು ಅದರ ಕೆಳಗೆ. ಪುಟ ಪೂರ್ತಿ ಸರಿಯಬೇಕು. ಇ-ಮೇಲ್ ಪ್ರೋಗ್ರಾಂನ ಪಾಡೂ ಹೀಗೆಯೇ. ಮೇಲೆ ಒಂದು ಸಾಲು ಬೆಳೆದರೆ ಕೆಳಗಿರುವುದೆಲ್ಲ ಎಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಬೇಕು. ಜಾಣತನದಿಂದ ಬರೆದ ಪ್ರೋಗ್ರಾಂ ಬದಲಾದ ಭಾಗವನ್ನಷ್ಟೇ ಲೆಕ್ಕ ಹಾಕಲು ಪ್ರಯತ್ನಿಸುತ್ತದೆ. ಆದರೆ ಪತ್ರದೊಳಗೆ ಪತ್ರ, ಅದರೊಳಗೆ ಮತ್ತೊಂದು ಎಂದು ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಂತೆ ಅರವತ್ತು ಪದರಗಳಾಗಿ, ನಡುನಡುವೆ ಬಣ್ಣ, ಕೋಷ್ಟಕ, ಚಿತ್ರಗಳಿದ್ದರೆ ಆ ಜಾಣತನ ಎಲ್ಲ ಸಲವೂ ನಡೆಯುವುದಿಲ್ಲ.

ಇಬ್ಬರು ಸಣ್ಣ ಕಳ್ಳರು

ದೊಡ್ಡ ಕಳ್ಳ ಸಿಕ್ಕಿದ ಮೇಲೆ ಇಬ್ಬರು ಸಣ್ಣವರೂ ಸಿಕ್ಕಿಬಿದ್ದರು. ಒಬ್ಬ, ಕಾಗುಣಿತ ನೋಡುವವನು. ಅಜ್ಜ ಬರೆಯುತ್ತಿದ್ದುದು ಕನ್ನಡ, ಪ್ರೋಗ್ರಾಂ ಹಿಡಿದುಕೊಂಡಿದ್ದುದು ಇಂಗ್ಲಿಷ್ ನಿಘಂಟು. ಹಾಗಾಗಿ ಅವರು ಬರೆದ ಪ್ರತಿ ಪದದ ಕೆಳಗೂ ಕೆಂಪು ಗೆರೆ! ಕೈಯ ಮೇಲೆ ಅನುಮಾನ ಬಂದವರಿಗೆ ಈ ಕೆಂಪು ಗೆರೆಗಳು ಎಂಥ ಧೈರ್ಯ ಕೊಟ್ಟಾವು? ಬರೆಯುತ್ತಿರುವಾಗಲೇ ಕಾಗುಣಿತ ನೋಡುವ ಆಯ್ಕೆಯನ್ನು ಅವಳು ತೆಗೆದುಹಾಕಿದಳು. ವೇಗದಲ್ಲಿ ಅಂಥ ವ್ಯತ್ಯಾಸವಾಗಲಿಲ್ಲ. ಆದರೆ ಪರದೆ ಶುಭ್ರವಾಯಿತು.

ಇನ್ನೊಬ್ಬ, ಕರಡು ಉಳಿಸುವವನು. ಬರೆಯುತ್ತಿರುವ ಪತ್ರವನ್ನು ಪ್ರೋಗ್ರಾಂ ಆಗಾಗ ತಾನಾಗಿಯೇ ಕರಡು ಕಡತದಲ್ಲಿ ಇಡುತ್ತದೆ. ಥಂಡರ್‌ಬರ್ಡ್‌ನಂಥ ಪ್ರೋಗ್ರಾಂನಲ್ಲಿ ಬೇರೇನೂ ಹೇಳದಿದ್ದರೆ 5 ನಿಮಿಷಕ್ಕೊಮ್ಮೆ ಇದು ನಡೆಯುತ್ತದೆ. ಕರಡನ್ನು ದೂರದ ಸರ್ವರ್‌ನಲ್ಲಿ ಇಡುವ ಏರ್ಪಾಟಿದ್ದರೆ ಪ್ರತಿ ಸಲವೂ ಪತ್ರ ಪೂರ್ತಿಯಾಗಿ ಅಲ್ಲಿಗೆ ಹೋಗಬೇಕು. ವೈರಸ್ ಕಾವಲಿನ ಪ್ರೋಗ್ರಾಂ ಇದ್ದರೆ ಅದೂ ಒಮ್ಮೆ ತಡಕಾಡಿ ನೋಡುವುದುಂಟು. ನಡುನಡುವೆ ಪರದೆ ಎರಡು ಮೂರು ಸೆಕೆಂಡು ಕಲ್ಲಾಗುತ್ತಿದ್ದುದು ಇದರಿಂದ. ಹಾಗೆಂದು ಕರಡು ಉಳಿಸುವುದನ್ನೇ ನಿಲ್ಲಿಸುವುದು ಬುದ್ಧಿವಂತಿಕೆಯಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋದೀತೆಂದು ಯಾರು ಬಲ್ಲರು? ಪತ್ರವೇ ಹಗುರವಾದರೆ ಉಳಿಸುವ ಕೆಲಸವೂ ತಾನಾಗಿ ಹಗುರವಾಗುತ್ತದೆ.

ಕತ್ತರಿಸಿದರೆ ಕಳೆಯುವುದಿಲ್ಲ

ಇಷ್ಟಾದ ಮೇಲೆ ಅಜ್ಜನೇ ಅಡ್ಡಿ ತಂದರು. "ಕೆಳಗಿನದನ್ನು ಅಳಿಸೋದು ಬೇಡ" ಎಂದರು. ಅದರಲ್ಲಿ ಅಜ್ಜಿ ತೀರಿಕೊಂಡಾಗ ಧಾರವಾಡದಿಂದ ಬಂದ ಪತ್ರವಿತ್ತು. ಅದು ಕಳೆದುಹೋದೀತೆಂಬ ಭಯ. ಯಂತ್ರದ ದೋಷವನ್ನು ಹುಡುಕುವುದಕ್ಕಿಂತ ಇದು ಕಷ್ಟದ ಭಾಗ. ಮೊಮ್ಮಗಳು ನಗಲಿಲ್ಲ. ಒಳಬಂದ ಪತ್ರಗಳ ಕಡತ ತೆರೆದು ಆ ದಿನದ ಪತ್ರವನ್ನು ಹುಡುಕಿ ತೋರಿಸಿದಳು. ಅದು ಬಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಉತ್ತರದ ಕೆಳಗೆ ಇರುವುದು ನಕಲಿನ ನಕಲು. ಮೂಲಪ್ರತಿ ತನ್ನ ಜಾಗದಲ್ಲಿ ಭದ್ರವಾಗಿರುತ್ತದೆ. ಆ ಪತ್ರವನ್ನು ಅವಳು ಬೇರೆ ಕಡತವೊಂದಕ್ಕೆ ಸರಿಸಿ, ಕಾಗದದ ಮೇಲೆ ಒಂದು ಪ್ರತಿ ತೆಗೆಸಿ ಕೊಟ್ಟಳು. ಆಗ ಅಜ್ಜ ಒಪ್ಪಿದರು.

ಸರಪಳಿಯೂ ತುಂಡಾಗುವುದಿಲ್ಲ. ಇ-ಮೇಲಿನಲ್ಲಿ ಪ್ರತಿ ಪತ್ರಕ್ಕೂ ಕಣ್ಣಿಗೆ ಕಾಣದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಉತ್ತರ ಬರೆದಾಗ 'ಇದು ಇಂಥ ಸಂಖ್ಯೆಯ ಪತ್ರಕ್ಕೆ ಉತ್ತರ' ಎಂಬುದು ಅದರ ತಲೆಬರಹದಲ್ಲಿ ಸೇರಿರುತ್ತದೆ. ಕೆಳಗಿನ ಹಳೆಯ ಪತ್ರವನ್ನು ಅಳಿಸಿದರೂ ಪ್ರೋಗ್ರಾಂ ಆ ಸಂಖ್ಯೆಗಳನ್ನು ನೋಡಿಕೊಂಡು ಪತ್ರಗಳನ್ನು ಒಂದರ ಕೆಳಗೊಂದು ಜೋಡಿಸಬಲ್ಲದು. ಇದೇನೂ ಹೊಸ ಬುದ್ಧಿವಾದವಲ್ಲ. 1995ರಲ್ಲಿ ಅಂತರಜಾಲದ ಶಿಷ್ಟಾಚಾರದ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲೇ, ಉತ್ತರ ಬರೆಯುವಾಗ ಮೂಲಪತ್ರದಲ್ಲಿ ಸಂದರ್ಭ ತಿಳಿಯಲು ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳಿ ಎಂದು ಹೇಳಲಾಗಿತ್ತು. ತಂತಿಯಲ್ಲಿ ಪದವೊಂದಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಂಡು, ಜನರಿಗೆ "ಈ ಪದ ಬೇಡ, ಆ ಪದ ಸಾಕು" ಎಂದು ಮಿತವ್ಯಯ ಕಲಿಸಿದ ಅಜ್ಜನಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

ನಿಮ್ಮ ಮನೆಯಲ್ಲಾದರೆ

ಇಂಥದೇ ತೊಂದರೆ ಕಾಲೇಜು ಪ್ರವೇಶಕ್ಕೆ, ವಿದ್ಯಾರ್ಥಿವೇತನಕ್ಕೆ, ಸಾಲದ ಅರ್ಜಿಗೆ ಹತ್ತಾರು ಸಲ ಪತ್ರವ್ಯವಹಾರ ಮಾಡುವ ಮನೆಗಳಲ್ಲಿ ಬರಬಹುದು. ಆಗ ಈ ಕ್ರಮದಲ್ಲಿ ನೋಡಿ. ಮೊದಲು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ. ಅಲ್ಲಿಯೂ ನಿಧಾನವಾದರೆ ಕೀಲಿಮಣೆ, ಫಿಲ್ಟರ್ ಕೀಸ್, ಅಥವಾ ಒಟ್ಟು ಕಂಪ್ಯೂಟರಿನ ಮೇಲೆ ಬಿದ್ದಿರುವ ಹೊರೆ ಕಾರಣ. ಡಿಸ್ಕ್ ತುಂಬಿದೆಯೇ, ಇಪ್ಪತ್ತು ಕಿಟಕಿಗಳು ತೆರೆದಿವೆಯೇ ನೋಡಿ.

ನೋಟ್‌ಪ್ಯಾಡ್ ಸರಿಯಿದ್ದು ಹೊಸ ಇ-ಮೇಲ್ ಕೂಡ ನಿಧಾನವಾದರೆ ದೋಷ ಪ್ರೋಗ್ರಾಂನಲ್ಲಿ ಅಥವಾ ಅದಕ್ಕೆ ಆಮೇಲೆ ಸೇರಿಸಿದ ಹೆಚ್ಚುವರಿ ಸಲಕರಣೆಗಳಲ್ಲಿ ಇರಬಹುದು. ಸಲಕರಣೆಗಳನ್ನೆಲ್ಲ ಬದಿಗಿಟ್ಟು ಪ್ರೋಗ್ರಾಂ ತೆರೆಯುವ ಉಪಾಯವಿದೆ. ಥಂಡರ್‌ಬರ್ಡ್‌ನಲ್ಲಿ ಸಹಾಯದ ಪಟ್ಟಿಯಲ್ಲಿರುವ 'ಟ್ರಬಲ್‌ಶೂಟ್ ಮೋಡ್' ಆರಿಸಬೇಕು. ಹಳೆಯ ಬಗೆಯ ಔಟ್‌ಲುಕ್ ಆದರೆ ಕಂಟ್ರೋಲ್ ಕೀಲಿ ಒತ್ತಿಹಿಡಿದು ತೆರೆಯಬೇಕು. ಹಾಗೆ ತೆರೆದಾಗ ಸರಿಯಾದರೆ ಸಲಕರಣೆಗಳನ್ನು ಒಂದೊಂದಾಗಿ ಮರಳಿ ಸೇರಿಸಿ ನೋಡಿದರೆ ಯಾವುದು ಅಪರಾಧಿ ಎಂದು ತಿಳಿಯುತ್ತದೆ.

ಹೊಸ ಪತ್ರ ಸರಾಗವಾಗಿದ್ದು ಉತ್ತರ ಮಾತ್ರ ನಿಧಾನವಾದರೆ ಕೆಳಗಿನ ಹೊರೆಯನ್ನು ಇಳಿಸಿ. ಕೆಲವು ಕಡೆ ಹಳೆಯ ಪತ್ರವನ್ನು ಮೂರು ಚುಕ್ಕೆಗಳ ಹಿಂದೆ ಅಡಗಿಸಿಟ್ಟಿರುತ್ತಾರೆ. ಕಣ್ಣಿಗೆ ಕಾಣದಿದ್ದರೂ ಅದು ಅಲ್ಲಿ ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ಬಂದ ಪತ್ರದಿಂದ ಬೇಕಾದ ಎರಡು ಸಾಲನ್ನು ಮೌಸ್‌ನಿಂದ ಆರಿಸಿ ಆಮೇಲೆ 'ಉತ್ತರ' ಒತ್ತಿದರೆ ಆ ಎರಡು ಸಾಲು ಮಾತ್ರ ಬರುತ್ತದೆ. ಶಿಫ್ಟ್ ಕೀಲಿ ಹಿಡಿದು 'ಉತ್ತರ' ಒತ್ತಿದರೆ ಬಣ್ಣ, ಚಿತ್ರಗಳ ಬದಲು ಬರಿಯ ಅಕ್ಷರಗಳ ಪತ್ರ ತೆರೆಯುತ್ತದೆ. ಹಾಗೆಯೇ, ಅಲ್ಲಿ ಅಳಿಸಿದ ಪತ್ರಗಳು ಕೂಡಲೇ ಡಿಸ್ಕಿನಿಂದ ಹೋಗುವುದಿಲ್ಲ. ಅಳಿಸಿದ್ದೆಂಬ ಗುರುತು ಮಾತ್ರ ಬೀಳುತ್ತದೆ. 'ಕಾಂಪ್ಯಾಕ್ಟ್' ಎಂಬ ಆಯ್ಕೆ ಒತ್ತಿದಾಗಲೇ ಜಾಗ ಖಾಲಿಯಾಗುವುದು. ಕರಡು ಕಡತಕ್ಕೆ ಆಗಾಗ ಇದನ್ನು ಮಾಡುವುದು ಒಳ್ಳೆಯದು, ಅದಕ್ಕೆ ಮುಂಚೆ ಮುಖ್ಯ ಪತ್ರಗಳ ನಕಲು ಬೇರೆ ಕಡೆ ಇಟ್ಟುಕೊಂಡಿರಬೇಕು.

ಹಿರಿಯರಿರುವ ಮನೆಯವರಿಗೆ ಇನ್ನೊಂದು ಮಾತು. ನಿಧಾನ ಕಂಪ್ಯೂಟರಿನಲ್ಲಿ ಮಾತ್ರ ಕಾಣದೆ ಗುಂಡಿ ಹಾಕುವಾಗಲೂ, ಅನ್ನ ಕಲಸುವಾಗಲೂ, ನಡೆಯುವಾಗಲೂ ಕಾಣಿಸಿದರೆ, ಅಥವಾ ಬರವಣಿಗೆ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂದರೆ ಅದನ್ನು ಯಂತ್ರದ ತಲೆಗೆ ಕಟ್ಟಬಾರದು. ವೈದ್ಯರಲ್ಲಿಗೆ ಹೋಗಲೇಬೇಕು. ಅಜ್ಜನನ್ನೂ ಮಗಳು ಬಿಡದೆ ಕರೆದುಕೊಂಡು ಹೋದಳು. ವೈದ್ಯರು ಬೆರಳುಗಳನ್ನು ಆಡಿಸಿ, ನಡೆಸಿ ನೋಡಿ, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದ್ದೀರಿ ಎಂದರು.

ಆ ವಾರ ಧಾರವಾಡಕ್ಕೆ ಹೋದ ಪತ್ರ ಮೂರು ಪುಟದ್ದು. ಏಕೆ ಬರೆಯಲಿಲ್ಲ, ಏನೆಂದು ಹೆದರಿದ್ದೆ ಎಂಬುದನ್ನೆಲ್ಲ ಅಜ್ಜ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಮರುದಿನವೇ ಉತ್ತರ ಬಂತು: "ಇಷ್ಟು ದಿನಾ ನೀವು ತಂತಿ ಕಳಸ್ತಿದ್ರಿ. ಇವತ್ತ ಪತ್ರ ಬಂತು ನೋಡ್ರಿ." ಕೆಳಗೆ ಹಳೆಯ ಪತ್ರಗಳು ಒಂದೂ ಇರಲಿಲ್ಲ. ಗುಲಾಬಿ ಮಾತ್ರ ಇತ್ತು. ಒಂದು ಗುಲಾಬಿಯ ಭಾರವನ್ನು ಯಾವ ಕಂಪ್ಯೂಟರಾದರೂ ತಾಳಿಕೊಳ್ಳುತ್ತದೆ.